ಅದೇ ವಿಮಾನ ಅಂತ ಹೇಳಬೇಡಿ

ಏರ್‌ಬಸ್ ಎ320 ವಿಮಾನಕ್ಕೆ ಹೊಸ ಇಂಜಿನ್ ಹಾಕಿದ ಮಾದರಿ ಎ320 ನಿಯೋ. ಅದರಲ್ಲಿ ಪೈಲಟ್ ಆಗಿ ನನ್ನ ಮೊದಲ ದಿನ ಶುರುವಾಗಿದ್ದು ಕಾಯುವುದರಿಂದ. ಪುಷ್‌ಬ್ಯಾಕ್, ಅಂದರೆ ವಿಮಾನವನ್ನು ಹಿಂದಕ್ಕೆ ತಳ್ಳುವುದು, ಮುಗಿದಿತ್ತು. ಮೊದಲ ಇಂಜಿನ್‌ನ ಸ್ವಿಚ್ ಹಾಕಿದೆ. ಹಳೆಯ ಎ320ಯಲ್ಲಾದರೆ ಹೆಚ್ಚುಕಮ್ಮಿ ಒಂದು ನಿಮಿಷದ ಕೆಲಸ. ಪರದೆಯ ಮೇಲೆ ಮುಳ್ಳುಗಳು ಏರುತ್ತಿದ್ದವು, ಸೀಟಿನಲ್ಲಿ ಸಣ್ಣ ನಡುಕ ಬರುತ್ತಿತ್ತು, ಆಮೇಲೆ ಎಲ್ಲ ತನ್ನ ಪಾಡಿಗೆ ನಿಲ್ಲುತ್ತಿತ್ತು. ಇಲ್ಲಿ ಇಂಜಿನ್ ಸುಮ್ನೆ ನಿಧಾನಕ್ಕೆ ತಿರುಗುತ್ತಲೇ ಇತ್ತು. ಇಂಧನ ಹೋಗುತ್ತಲೇ ಇಲ್ಲ. ಒಂದು ನಿಮಿಷ ಕಳೆಯಿತು. ಇನ್ನೂ ಇಲ್ಲ. ಕೆಳಗೆ ಹೆಡ್‌ಸೆಟ್ ಹಾಕಿಕೊಂಡು ನಿಂತಿದ್ದ ಇಂಜಿನಿಯರ್ ಕೇಳಿದರು, “ಕ್ಯಾಪ್ಟನ್, ಏನಾದ್ರೂ ತೊಂದರೆ ಇದೆಯಾ?”

“ಏನಿಲ್ಲ. ಇದು ಹೀಗೇ ಅಂತೆ. ಸ್ವಲ್ಪ ತಡೀರಿ,” ಅಂದೆ.

ಹೇಳಿದ ಮೇಲೆ ಆ ‘ಅಂತೆ’ ನನ್ನ ಕಿವಿಗೇ ಚುಚ್ಚಿತು. ಹಿಂದೆ ನೂರೈವತ್ತಕ್ಕೂ ಜಾಸ್ತಿ ಜನ ಕೂತಿದ್ದಾರೆ. ಎಡಗಡೆ ಸೀಟಿನಲ್ಲಿ ಕೂತವನು ತನ್ನ ಇಂಜಿನ್ ಬಗ್ಗೆ ‘ಅಂತೆ’ ಅನ್ನುತ್ತಿದ್ದಾನೆ. ತಪ್ಪೇನೂ ನಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಇಂಜಿನ್ ಹೊತ್ತಿಕೊಂಡಿತು, ಹೊರಟೆವು, ಸಮಯಕ್ಕೆ ತಲುಪಿದೆವು. ಆದರೂ ಆ ಪದ ನನ್ನ ಜೊತೆಗೇ ಹೋಟೆಲ್ ರೂಮಿನವರೆಗೆ ಬಂತು.

ಆ ರಾತ್ರಿ ಕೂತು ಓದಿಕೊಂಡೆ. ಇಂಜಿನ್ ಆಫ್ ಮಾಡಿದ ಮೇಲೆ ಒಳಗಿನ ಬಿಸಿ ಮೇಲ್ಗಡೆ ಸೇರಿಕೊಳ್ಳುತ್ತದೆ. ಒಳಗೆ ತಿರುಗುವ ಉದ್ದನೆಯ ಭಾಗದ, ಅಂದರೆ ರೋಟರ್‌ನ, ಮೇಲ್ಭಾಗ ಬಿಸಿಯಾಗಿಯೇ ಇರುತ್ತದೆ, ಕೆಳಭಾಗ ಬೇಗ ತಣ್ಣಗಾಗುತ್ತದೆ. ಹಾಗಾಗಿ ರೋಟರ್ ಕೂದಲೆಳೆಯಷ್ಟು ಬಾಗುತ್ತದೆ. ಆ ಸ್ಥಿತಿಯಲ್ಲೇ ಜೋರಾಗಿ ತಿರುಗಿಸಿದರೆ ಬ್ಲೇಡುಗಳ ತುದಿ ಗೋಡೆಗೆ ಉಜ್ಜುತ್ತದೆ. ಅದಕ್ಕೆ ಬೆಂಕಿ ಹಚ್ಚುವ ಮೊದಲು ಬರೀ ಗಾಳಿಯಿಂದ ನಿಧಾನಕ್ಕೆ ತಿರುಗಿಸಿ, ಬಿಸಿಯನ್ನು ಸಮ ಮಾಡಿ, ರೋಟರ್ ನೆಟ್ಟಗಾಗಲು ಬಿಡುತ್ತಾರೆ. ಹಳೆಯ ಇಂಜಿನ್‌ಗಳಲ್ಲೂ ಈ ಬಾಗು ಇತ್ತು. ಹೊಸದರಲ್ಲಿ ಇಂಧನ ಉಳಿಸುವುದಕ್ಕೆ ಬ್ಲೇಡ್ ತುದಿಗೂ ಗೋಡೆಗೂ ನಡುವಿನ ಜಾಗವನ್ನು ತುಂಬಾ ಕಮ್ಮಿ ಮಾಡಿದ್ದಾರೆ. ಆ ಉಳಿತಾಯಕ್ಕೆ ನಾವು ಕೊಡುವ ಬೆಲೆ ಈ ಕಾಯುವಿಕೆ. ಮೊದಮೊದಲು ಬಂದ ಪ್ರಾಟ್ ಅಂಡ್ ವಿಟ್ನಿ ಇಂಜಿನ್‌ಗಳಲ್ಲಿ ಕಾಯುವುದು ಜಾಸ್ತಿ ಇತ್ತು, ಆಮೇಲೆ ಕಮ್ಮಿಯಾಯಿತು.

ಇದನ್ನು ವಿವರಿಸಲು ಒಂದು ಪುಟ ಸಾಕು. ನನಗೆ ಕೊಟ್ಟ ಟ್ಯಾಬ್ಲೆಟ್ ಪಾಠದಲ್ಲಿ ಇದ್ದದ್ದು ಎರಡು ಸಾಲು: ಸ್ಟಾರ್ಟ್ ಆಗಲು ಹೆಚ್ಚು ಸಮಯ ಬೇಕು, ಕಾಯಿರಿ. ಯಾಕೆ ಅಂತ ಇಲ್ಲ.

ಪೈಲಟ್‌ಗಳಿಗೆ ಹೊಸ ವಿಮಾನ ಇಷ್ಟವೇ, ಹಳೆಯದೇ ಚೆನ್ನಾಗಿತ್ತೇ ಅಂತ ಜನ ಕೇಳುತ್ತಾರೆ. ನಾನು 25 ವರ್ಷದಿಂದ ಹಾರಿಸುತ್ತಿದ್ದೇನೆ. ಬೋಯಿಂಗ್ 737-300ರಲ್ಲಿ ಕೋ-ಪೈಲಟ್ ಆಗಿ ಶುರು ಮಾಡಿದೆ. ಆಮೇಲೆ ಹಳೆಯ ಎ320, ಈಗ ನಿಯೋ. ಎಲ್ಲವೂ ನ್ಯಾರೋಬಾಡಿಗಳೇ, ಅಂದರೆ ನಡುವೆ ಒಂದೇ ಓಡಾಡುವ ದಾರಿ, ಎರಡೂ ಕಡೆ ಮೂರು ಮೂರು ಸೀಟು. ನನ್ನ ಉತ್ತರ ಚಿಕ್ಕದು. ಹೊಸ ವಿಮಾನ ಒಳ್ಳೆಯದು. ಅದರ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಕೊಡುವಾಗ ‘ಇದು ಅದೇ ವಿಮಾನ, ಏನೂ ವ್ಯತ್ಯಾಸ ಇಲ್ಲ’ ಅನ್ನುತ್ತಾರಲ್ಲ, ತಕರಾರು ಅದರ ಮೇಲೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹಳೆಯ ಎ320ಯ ಸಿಎಫ್‌ಎಂ56 ಇಂಜಿನ್‌ನ ಮುಂದಿನ ಫ್ಯಾನ್ 173 ಸೆಂಟಿಮೀಟರ್ ಅಗಲ. ನಿಯೋಗೆ ಎರಡು ಬಗೆಯ ಇಂಜಿನ್‌ಗಳಲ್ಲಿ ಒಂದನ್ನು ಹಾಕುತ್ತಾರೆ: ಲೀಪ್ ಇಂಜಿನ್‌ನ ಫ್ಯಾನ್ 198, ಪ್ರಾಟ್ ಅಂಡ್ ವಿಟ್ನಿಯದ್ದು 206. ಅದರ ಬಾಯಿಯೊಳಗೆ ಎತ್ತರದ ಮನುಷ್ಯನೂ ನೆಟ್ಟಗೆ ನಿಲ್ಲಬಹುದು. ದೊಡ್ಡ ಫ್ಯಾನ್ ಯಾಕೆ ಅಂದರೆ, ಸ್ವಲ್ಪ ಗಾಳಿಯನ್ನು ರಭಸವಾಗಿ ತಳ್ಳುವುದಕ್ಕಿಂತ ಜಾಸ್ತಿ ಗಾಳಿಯನ್ನು ಮೆಲ್ಲಗೆ ತಳ್ಳಿದರೆ ಇಂಧನ ಉಳಿಯುತ್ತದೆ. ಹಳೆಯದರಲ್ಲಿ ಉರಿಯುವ ಭಾಗಕ್ಕೆ ಹೋಗುವ ಒಂದು ಪಾಲಿಗೆ ಹೊರಗಿನಿಂದ ಹಾದುಹೋಗುವ ಗಾಳಿ ಆರು ಪಾಲಿನಷ್ಟು. ಹೊಸದರಲ್ಲಿ ಹನ್ನೊಂದು, ಹನ್ನೆರಡು ಪಾಲು. ಪ್ರಾಟ್ ಇಂಜಿನ್‌ನಲ್ಲಂತೂ ಫ್ಯಾನ್‌ಗೂ ಅದನ್ನು ತಿರುಗಿಸುವ ಹಿಂದಿನ ಟರ್ಬೈನ್‌ಗೂ ನಡುವೆ ಗೇರ್ ಇದೆ. ಟರ್ಬೈನ್ ಸುಮಾರು ಮೂರು ಸುತ್ತು ಸುತ್ತಿದರೆ ಫ್ಯಾನ್ ಒಂದು ಸುತ್ತು. ಇಬ್ಬರೂ ತಮಗೆ ಒಗ್ಗುವ ವೇಗದಲ್ಲಿ ಕೆಲಸ ಮಾಡುತ್ತಾರೆ.

ಇದರಿಂದ ಇಂಧನ ಸುಮಾರು 15 ಶೇಕಡಾ ಉಳಿಯುತ್ತದೆ. ಕಂಪನಿಗೆ ಅದು ದುಡ್ಡು. ಪೈಲಟ್‌ಗೆ ಅದು ಸಮಯ. ಹಳೆಯದು ಎತ್ತರದಲ್ಲಿ ಗಂಟೆಗೆ ಸುಮಾರು 2,400 ಕೆಜಿ ಕುಡಿಯುತ್ತಿತ್ತು, ಇದು ಸುಮಾರು 2,000. ಹೋಗಬೇಕಾದ ಊರಿನ ಮೇಲೆ ಗುಡುಗು ಮಳೆ ನಿಂತಿದೆ, ನನ್ನ ಹತ್ತಿರ ಎರಡು ಟನ್ ಹೆಚ್ಚುವರಿ ಇಂಧನ ಇದೆ ಅಂತಿಟ್ಟುಕೊಳ್ಳಿ. ಹಳೆಯದರಲ್ಲಿ ಅದು 50 ನಿಮಿಷ, ಇದರಲ್ಲಿ 60. ಆ ಹತ್ತು ನಿಮಿಷದಲ್ಲಿ ಮೋಡ ಸರಿದು ರನ್‌ವೇ ಕಂಡದ್ದಿದೆ. ನೂರಾರು ಜನರನ್ನು ಬೇರೆ ಊರಿಗೆ ಕರೆದುಕೊಂಡು ಹೋಗುವುದು ತಪ್ಪಿದ್ದಿದೆ. ಗಡಿಯಾರ ನೋಡಿಕೊಂಡು ಸುತ್ತು ಹಾಕಿದವರಿಗೆ ಆ ಹತ್ತು ನಿಮಿಷದ ಬೆಲೆ ಗೊತ್ತು.

ಸದ್ದೂ ಕಮ್ಮಿ. ದಿನಕ್ಕೆ ನಾಲ್ಕು ಹಾರಾಟ ಮುಗಿಸಿ ಮನೆಗೆ ಬಂದರೆ ಮೊದಲಿನ ಹಾಗೆ ತಲೆ ಗುಂಯ್ ಅನ್ನುವುದಿಲ್ಲ. ವಿಮಾನ ನಿಲ್ದಾಣದ ಪಕ್ಕದಲ್ಲಿ ಮಲಗುವ ಮಕ್ಕಳಿಗಂತೂ ಇದು ದೊಡ್ಡ ಉಪಕಾರ. ಪ್ರಾಟ್ ಇಂಜಿನ್ ಕಡಿಮೆ ವೇಗದಲ್ಲಿ ಒಂದು ವಿಚಿತ್ರ ಸದ್ದು ಮಾಡುತ್ತದೆ, ತಿಮಿಂಗಿಲ ಕೂಗಿದ ಹಾಗೆ. ಕೆಲವರಿಗೆ ಕಿರಿಕಿರಿ. ನನಗೆ ಅದು ಇಷ್ಟ. ಪರದೆಗಳು, ರೇಡಾರ್ ಎಲ್ಲ ಸುಧಾರಿಸಿವೆ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ.

ಅಭ್ಯಾಸವಾಗಲು ಸಮಯ ಹಿಡಿದದ್ದು ಇಳಿಯುವುದು.

ಇಳಿಯಲು ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಪೈಲಟ್‌ಗಳ ಹತ್ತಿರ ಒಂದು ಬಾಯಿ ಲೆಕ್ಕ ಇದೆ. ಎತ್ತರ ಎಷ್ಟು ಸಾವಿರ ಅಡಿಯೋ ಅದನ್ನು ಮೂರರಿಂದ ಗುಣಿಸು. 36,000 ಅಡಿ ಅಂದರೆ 108 ನಾಟಿಕಲ್ ಮೈಲಿ, ಸುಮಾರು 200 ಕಿಲೋಮೀಟರ್, ಮೊದಲೇ ಶುರು ಮಾಡಬೇಕು. ವೇಗ ಇಳಿಸಲು ಒಂದಿಷ್ಟು ಸೇರಿಸು. ಕಂಪ್ಯೂಟರ್ ತನ್ನ ಲೆಕ್ಕ ಮಾಡುತ್ತದೆ, ಆದರೆ ತಲೆಯಲ್ಲೂ ಒಂದು ಲೆಕ್ಕ ಓಡುತ್ತಿರಬೇಕು. ಹಳೆಯ ವಿಮಾನದಲ್ಲಿ ನನ್ನ ಈ ಲೆಕ್ಕ ಗಡಿಯಾರದ ಹಾಗೆ ಸರಿಯಾಗಿರುತ್ತಿತ್ತು. ತಡವಾದರೂ ಎಷ್ಟು ತಡವಾದರೆ ಸರಿಹೋಗುತ್ತದೆ ಅಂತ ಮೈಗೇ ಗೊತ್ತಿತ್ತು.

ನಿಯೋಗೆ ಬಂದ ಎರಡನೇ ವಾರ. ರಾತ್ರಿ, ಬೆನ್ನ ಹಿಂದಿನಿಂದ ಗಾಳಿ. ಕಂಟ್ರೋಲರ್ ನಮ್ಮನ್ನು ಎತ್ತರದಲ್ಲೇ ಸ್ವಲ್ಪ ಹೆಚ್ಚು ಹೊತ್ತು ಇಟ್ಟರು, ಆಮೇಲೆ ದಾರಿಯನ್ನೂ ಚಿಕ್ಕದು ಮಾಡಿದರು. ಹಳೆಯ ಲೆಕ್ಕದಲ್ಲಿ ‘ಆಗುತ್ತೆ’ ಅಂದುಕೊಂಡೆ. ಥ್ರಸ್ಟ್, ಅಂದರೆ ಇಂಜಿನ್ ತಳ್ಳುವ ಬಲ, ಪೂರ್ತಿ ಕೆಳಗೆ. ಆದರೆ ಈ ವಿಮಾನದ ರೆಕ್ಕೆಯ ತುದಿಯಲ್ಲಿ ಶಾರ್ಕ್‌ಲೆಟ್ ಇದೆ, 2.4 ಮೀಟರ್ ಎತ್ತರ ಮೇಲಕ್ಕೆ ಬಾಗಿದ ತುಂಡು. ಅದು ಗಾಳಿಯ ಎಳೆತವನ್ನು ಕಮ್ಮಿ ಮಾಡುತ್ತದೆ. ಮೇಲೆ ಹಾರುವಾಗ ಅದೇ ಇಂಧನ ಉಳಿಸುತ್ತದೆ, ಇಳಿಯುವಾಗ ಅದೇ ವಿಮಾನವನ್ನು ಜಾರಿಸಿಕೊಂಡು ಹೋಗುತ್ತದೆ. ಇಳಿಯಲು ಹೇಳಿದರೆ ವೇಗ ಕಮ್ಮಿಯಾಗಲ್ಲ, ವೇಗ ಕಮ್ಮಿ ಮಾಡಲು ಹೋದರೆ ಇಳಿಯಲ್ಲ. ರೆಕ್ಕೆಯ ಮೇಲೆ ಎದ್ದು ಗಾಳಿ ತಡೆಯುವ ಸ್ಪೀಡ್‌ಬ್ರೇಕ್ ಎಳೆದೆ. ಇಂಚಿಂಚಾಗಿ ಕಮ್ಮಿಯಾಯಿತು. ಪಕ್ಕದಲ್ಲಿದ್ದ ಕೋ-ಪೈಲಟ್‌ಗೆ ನಿಯೋದಲ್ಲಿ ನನಗಿಂತ ಜಾಸ್ತಿ ಅನುಭವ. “ಕ್ಯಾಪ್ಟನ್, ಗೇರ್ ಈಗಲೇ ಇಳಿಸೋಣವಾ?” ಅಂದರು. ಅವರು ಕೇಳಿದ ರೀತಿಯಲ್ಲಿ ಗೌರವ ಇತ್ತು, ಅವಸರವೂ ಇತ್ತು. ಚಕ್ರಗಳು ಹೊರಬಂದವು, ಗಾಳಿ ಗೊರ್ರೆಂದಿತು, ವಿಮಾನ ಕೊನೆಗೂ ಮಾತು ಕೇಳಿತು. 1,000 ಅಡಿಗೆ ಬರುವಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಸರಿಯಾಗದಿದ್ದರೆ ಮತ್ತೆ ಮೇಲೇರಿ ಒಂದು ಸುತ್ತು ಬರುತ್ತಿದ್ದೆವು, ಅದು ನಾಚಿಕೆಯ ವಿಷಯ ಅಲ್ಲ.

ಆದರೆ ನನ್ನ ಮೈಗೆ ಗೊತ್ತಿದ್ದದ್ದು ಬೇರೆ ವಿಮಾನದ ವಿಷಯ. ಅದನ್ನೇ ಹೇಳುತ್ತಿರುವುದು. ಲೈಸೆನ್ಸ್‌ನಲ್ಲಿ ಎರಡಕ್ಕೂ ಒಂದೇ ಟೈಪ್ ರೇಟಿಂಗ್, ಅಂದರೆ ಆ ಬಗೆಯ ವಿಮಾನ ಹಾರಿಸುವ ಒಂದೇ ಅನುಮತಿ. ಕಾಗದದ ಮೇಲೆ ಎರಡೂ ಒಂದೇ. ಗಾಳಿಗೆ ಒಂದೇ ಅಲ್ಲ. ಬಾಯಿಪಾಠವಾಗಿದ್ದ ಇಂಜಿನ್ ಅಂಕಿಗಳೂ ಇಲ್ಲಿ ಬೇರೆ. ಇಷ್ಟು ಪವರ್ ಇಟ್ಟರೆ ಇಷ್ಟು ವೇಗ ಅನ್ನುವ ಹಳೆಯ ಜೋಡಿಗಳನ್ನು ಮರೆತು ಹೊಸದನ್ನು ಕಲಿಯಬೇಕು. ಮರೆಯುವುದೇ ಕಷ್ಟ, ಅಲ್ವಾ?

ಈಗ 737ರ ಮಾತಿಗೆ ಬರುತ್ತೇನೆ. ಅದರ ಹೊಸ ಮಾದರಿಯಾದ ಮ್ಯಾಕ್ಸ್ ಅನ್ನು ನಾನು ಹಾರಿಸಿಲ್ಲ. ಆದರೆ ಅದರ ಅಜ್ಜನನ್ನು ವರ್ಷಗಟ್ಟಲೆ ಹಾರಿಸಿದ್ದೇನೆ. ಹಾಗಾಗಿ ಈ ಕಥೆ ನನಗೆ ದೂರದ್ದಲ್ಲ.

737 ಮೊದಲು ಹಾರಿದ್ದು 1967ರಲ್ಲಿ. ಅದರ ಕಾಲು ಗಿಡ್ಡ. ಸಣ್ಣ ನಿಲ್ದಾಣಗಳಲ್ಲಿ ದೊಡ್ಡ ಯಂತ್ರಗಳಿಲ್ಲದೆ ಸಾಮಾನು ತುಂಬಬೇಕು ಅಂತ ಹಾಗೆ ಮಾಡಿದ್ದರು. ಆಗಿನ ಇಂಜಿನ್ ಸಿಗಾರ್ ಥರ ತೆಳ್ಳಗಿತ್ತು, ರೆಕ್ಕೆ ಕೆಳಗೆ ಹಿಡಿಸುತ್ತಿತ್ತು. 1984ರಲ್ಲಿ 737-300 ಸೇವೆಗೆ ಬಂದಾಗ ಇಂಜಿನ್ ದಪ್ಪವಾಯಿತು. ನೆಲಕ್ಕೆ ತಾಗಬಾರದು ಅಂತ ಅದರ ಹೊದಿಕೆಯ ತಳವನ್ನು ಚಪ್ಪಟೆ ಮಾಡಿದರು. 2017ರಲ್ಲಿ ಮ್ಯಾಕ್ಸ್ ಬಂದಾಗ ಇನ್ನೂ ದಪ್ಪ, ಫ್ಯಾನ್ 176 ಸೆಂಟಿಮೀಟರ್. ಕೆಳಗೆ ಜಾಗವೇ ಇಲ್ಲ. ಇಂಜಿನ್ ಅನ್ನು ಮುಂದಕ್ಕೆ, ಮೇಲಕ್ಕೆ ಸರಿಸಿದರು, ಮೂಗಿನ ಚಕ್ರದ ಕಾಲನ್ನು 20 ಸೆಂಟಿಮೀಟರ್‌ನಷ್ಟು ಉದ್ದ ಮಾಡಿದರು. ಇದರಿಂದ ಕೆಲವು ಸಂದರ್ಭಗಳಲ್ಲಿ ಮೂಗು ಮೇಲೇರಿದ್ದಾಗ ಇನ್ನಷ್ಟು ಮೇಲೇರುವ ಸ್ವಭಾವ ಬಂತು. ಹಳೆಯದರ ಹಾಗೇ ಕೈಗೆ ಅನಿಸಬೇಕು ಅಂತ ಎಂಕ್ಯಾಸ್ ಅನ್ನುವ ಸಾಫ್ಟ್‌ವೇರ್ ಹಾಕಿದರು. ಅದು ಪೈಲಟ್‌ನನ್ನು ಕೇಳದೆ ಟ್ರಿಮ್ (ಮೂಗಿನ ಏರಿಳಿತವನ್ನು ಹೊಂದಿಸುವ ವ್ಯವಸ್ಥೆ) ತಿರುಗಿಸಿ ಮೂಗನ್ನು ಕೆಳಗೆ ತಳ್ಳುತ್ತಿತ್ತು. ಒಂದೇ ಒಂದು ಸೆನ್ಸರ್‌ನ ಮಾತು ನಂಬಿ, ಮತ್ತೆ ಮತ್ತೆ.

ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ.

2018ರ ಅಕ್ಟೋಬರ್ 29ರಂದು ಲಯನ್ ಏರ್‌ನ ಮ್ಯಾಕ್ಸ್ ವಿಮಾನ ಬಿತ್ತು, ಸತ್ತವರು 189 ಜನ. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನದ್ದು ಬಿತ್ತು, 157 ಜನ. ಒಟ್ಟು 346.

737ರಲ್ಲಿ ಟ್ರಿಮ್ ಚಕ್ರ ಪೈಲಟ್‌ನ ಮಂಡಿಯ ಪಕ್ಕದಲ್ಲೇ ಇರುತ್ತದೆ. ಕಪ್ಪು ಚಕ್ರ, ಅದರ ಮೇಲೆ ಬಿಳಿ ಗೆರೆ. ತಿರುಗಿದರೆ ಕಟಕಟ ಸದ್ದು. ಈಗ ಕೂತು ಓದುವವರು ಕೇಳುತ್ತಾರೆ, ಚಕ್ರ ತಾನಾಗಿ ತಿರುಗುತ್ತಿದ್ದರೆ ಗೊತ್ತಾಗುವುದಿಲ್ಲವೇ ಅಂತ. ಆದರೆ ಹಳೆಯ 737ರಲ್ಲೂ ಟೇಕಾಫ್ ಆದ ಮೇಲೆ ಆ ಚಕ್ರ ಆಗಾಗ ತಾನಾಗಿಯೇ ತಿರುಗುತ್ತದೆ. ವೇಗಕ್ಕೆ ತಕ್ಕ ಹಾಗೆ ಟ್ರಿಮ್ ಸರಿ ಮಾಡುವ ಒಂದು ವ್ಯವಸ್ಥೆ ಅದರಲ್ಲಿ ಇದೆ. ನನ್ನ ಮಂಡಿಯ ಪಕ್ಕ ಅದು ಕಟಕಟ ಅಂದದ್ದನ್ನು ಎಷ್ಟು ಸಾವಿರ ಸಲ ಕೇಳಿದ್ದೇನೋ. ಒಮ್ಮೆಯೂ ತಿರುಗಿ ನೋಡಿಲ್ಲ. ಅದು ಮಾಮೂಲಿ ಸದ್ದು. ಅದೇ ಸದ್ದಿನಲ್ಲಿ ಹೊಸದೊಂದು ಅಪಾಯ ಬಂದು ಕೂತಿತ್ತು. ಯಾರೂ ಹೇಳಿರಲಿಲ್ಲ. ಆ ಸೀಟಿನಲ್ಲಿ ನಾನಿದ್ದಿದ್ದರೆ ಎಷ್ಟು ಸೆಕೆಂಡಿನಲ್ಲಿ ಗುರುತಿಸುತ್ತಿದ್ದೆ? ಈ ಪ್ರಶ್ನೆ ಕೇಳಿಕೊಳ್ಳದ ಪೈಲಟ್ ನನಗೆ ಸಿಕ್ಕಿಲ್ಲ.

ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಉತ್ತರ ದುಡ್ಡಿನಲ್ಲಿದೆ. ಹೊಸ ವಿಮಾನ ‘ಬೇರೆ’ ಅಂತಾದರೆ ಪೈಲಟ್‌ಗಳನ್ನು ಸಿಮ್ಯುಲೇಟರ್‌ಗೆ, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ಗೆ, ಕಳಿಸಬೇಕು. ಅಷ್ಟು ದಿನ ಅವರು ಹಾರುವ ಹಾಗಿಲ್ಲ. ‘ಅದೇ ವಿಮಾನ’ ಅಂತಾದರೆ ಕಂಪ್ಯೂಟರ್ ಮುಂದೆ ಕೂತು ಮುಗಿಸಬಹುದು. ಮ್ಯಾಕ್ಸ್‌ಗೆ ಸಿಮ್ಯುಲೇಟರ್ ತರಬೇತಿ ಬೇಕಾಯಿತು ಅಂತಾದರೆ ವಿಮಾನಕ್ಕೆ 10 ಲಕ್ಷ ಡಾಲರ್ ರಿಯಾಯಿತಿ ಕೊಡುತ್ತೇವೆ ಅಂತ ಬೋಯಿಂಗ್ ಸೌತ್‌ವೆಸ್ಟ್ ಏರ್‌ಲೈನ್ಸ್ ಕಂಪನಿಗೆ ಮಾತು ಕೊಟ್ಟಿತ್ತು. ಅಮೆರಿಕದ ಸಂಸತ್ ಸಮಿತಿಯ ತನಿಖೆಯಲ್ಲಿ ಇದು ಹೊರಬಂತು. ಹೀಗೆ ಬೆಲೆ ಕಟ್ಟಿದ ಮೇಲೆ ‘ಇದು ಬೇರೆ’ ಅಂತ ಬಾಯಿಬಿಡುವವರು ಯಾರು?

ಎರಡನೇ ಅಪಘಾತದ ಮೇಲೆ ಜಗತ್ತಿನೆಲ್ಲೆಡೆ ಮ್ಯಾಕ್ಸ್ ಹಾರಾಟ ನಿಲ್ಲಿಸಿದರು. ಅಮೆರಿಕದಲ್ಲಿ 2020ರ ನವೆಂಬರ್‌ನಲ್ಲಿ ಮತ್ತೆ ಹಾರಲು ಒಪ್ಪಿಗೆ ಸಿಕ್ಕಿತು. ಈಗ ಎಂಕ್ಯಾಸ್ ಎರಡು ಸೆನ್ಸರ್‌ಗಳನ್ನು ಹೋಲಿಸಿ ನೋಡುತ್ತದೆ, ಪದೇಪದೇ ತಳ್ಳುವುದಿಲ್ಲ, ಸಿಮ್ಯುಲೇಟರ್ ತರಬೇತಿ ಕಡ್ಡಾಯ. ಮ್ಯಾಕ್ಸ್ ಹಾರಿಸುವ ಗೆಳೆಯರಿದ್ದಾರೆ. ವಿಮಾನ ಅವರಿಗೆ ಇಷ್ಟ. ಪರದೆ ಸ್ಪಷ್ಟ, ಸದ್ದು ಕಮ್ಮಿ, ಹತ್ತುವುದು ಚೆನ್ನ ಅನ್ನುತ್ತಾರೆ. ಅವರ ಮಾತನ್ನು ನಾನು ನಂಬುತ್ತೇನೆ. ಆ ತರಬೇತಿ ಮೊದಲೇ ಸಿಗಬೇಕಿತ್ತು ಅನ್ನುವಾಗ ಅವರ ದನಿ ಬದಲಾಗುತ್ತದೆ.

‘ಅದೇ ವಿಮಾನ’ ಅನ್ನುವುದರಲ್ಲಿ ಒಳ್ಳೆಯದೂ ಇದೆ, ಅದನ್ನು ಮುಚ್ಚಿಡಬಾರದು. ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿದರೆ ಕೈ ಸರಿಯಾದ ಸ್ವಿಚ್‌ಗೆ ಕಣ್ಣುಮುಚ್ಚಿ ಹೋಗಬೇಕು. ಬೆಳಿಗ್ಗೆ ಹಳೆಯದು, ಸಂಜೆ ಹೊಸದು ಹಾರಿಸುವ ನಮ್ಮಂಥವರಿಗೆ ಎರಡರಲ್ಲೂ ಸ್ವಿಚ್ ಅದೇ ಜಾಗದಲ್ಲಿ ಇರುವುದು ದೊಡ್ಡ ರಕ್ಷಣೆ. ಅದು ಇರಲಿ. ಆದರೆ ಕೈಗೆ ಒಂದೇ ಥರ ಕಾಣುವ ಎರಡು ವಸ್ತುಗಳಲ್ಲಿ ವ್ಯತ್ಯಾಸ ಎಲ್ಲಿದೆ ಅಂತ ಜಾಸ್ತಿ ಹೇಳಬೇಕು, ಕಮ್ಮಿ ಅಲ್ಲ. ಪೂರ್ತಿ ಬೇರೆಯಾಗಿದ್ದರೆ ನಾವೇ ಎಚ್ಚರವಾಗಿರುತ್ತೇವೆ.

ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹೊರಡುವ ಮುಂಚಿನ ಬ್ರೀಫಿಂಗ್‌ನಲ್ಲಿ ಮೊದಲ ಮಾತು ಇದೇ: “ಇವತ್ತು ನಿಯೋ. ಇಂಜಿನ್ ಪ್ರಾಟ್. ಸ್ಟಾರ್ಟ್ ನಿಧಾನ, ಇಳಿಯೋದು ಬೇಗ ಶುರು ಮಾಡೋಣ.” ಗೊತ್ತಿರುವುದನ್ನೇ ಯಾಕೆ ಹೇಳಬೇಕು ಅಂತ ಕೆಲವರಿಗೆ ಅನಿಸಬಹುದು. ನನ್ನ ಕಿವಿಗೆ ಬೀಳಲಿ ಅಂತ ಹೇಳುತ್ತೇನೆ.

ಈ ನಡುವೆ ಇನ್ನೊಂದು ನಡೆಯಿತು. 2023ರ ಜುಲೈನಲ್ಲಿ ಪ್ರಾಟ್ ಅಂಡ್ ವಿಟ್ನಿಯ ಮೂಲ ಕಂಪನಿ ಒಂದು ದೋಷ ಒಪ್ಪಿಕೊಂಡಿತು. ಇಂಜಿನ್ ಒಳಗಿನ ಡಿಸ್ಕ್‌ಗಳನ್ನು ಲೋಹದ ಪುಡಿಯಿಂದ ಮಾಡುತ್ತಾರೆ, ಆ ಪುಡಿಯಲ್ಲಿ ಕಲ್ಮಶ ಸೇರಿತ್ತು. ಬಿರುಕು ಬಿಡಬಹುದು ಅಂತ ಇಂಜಿನ್‌ಗಳನ್ನು ಅವಧಿಗೆ ಮೊದಲೇ ಬಿಚ್ಚಿ ಪರೀಕ್ಷೆ ಮಾಡಬೇಕಾಯಿತು. ಪ್ರಪಂಚದಲ್ಲಿ ನೂರಾರು ಹೊಸ ವಿಮಾನಗಳು ಇಂಜಿನ್ ಇಲ್ಲದೆ ಸಾಲಾಗಿ ನಿಂತವು. ರೆಕ್ಕೆಯ ಕೆಳಗೆ ಇಂಜಿನ್ ಇಲ್ಲದ ಹೊಚ್ಚಹೊಸ ವಿಮಾನ ನೋಡುವುದು ಸಂಕಟ. ಕಳಿಸಿಕೊಡಬೇಕು ಅಂತಿದ್ದ ಹಳೆಯ ವಿಮಾನಗಳ ಗುತ್ತಿಗೆಯನ್ನು ಕಂಪನಿಗಳು ಮುಂದುವರಿಸಿದವು. ನನ್ನ ಹಳೆಯ ಎ320 ಇನ್ನೂ ಸ್ವಲ್ಪ ಕಾಲ ನನ್ನ ಜೊತೆ ಉಳಿದದ್ದು ಹಾಗೆ. ಖುಷಿಯಾಯಿತು ಅಂದರೆ ತಪ್ಪಾಗುತ್ತದೆ. ಬಿಸಿ, ಧೂಳು ಇರುವ ಕಡೆ ಈ ಹೊಸ ಇಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಬೇಗ ಸವೆಯುತ್ತವೆ ಅನ್ನುವುದೂ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಹಳೆಯ ಸಿಎಫ್‌ಎಂ56 ಮಾತ್ರ ತಕರಾರಿಲ್ಲದೆ ದುಡಿಯುತ್ತಿತ್ತು.

ಹಳೆಯದನ್ನು ಬಿಟ್ಟುಕೊಡುವ ನೋವು ನನ್ನೊಬ್ಬನದಲ್ಲ. ಎಂಡಿ-80 ಅನ್ನುವ ಹಳೆಯ ವಿಮಾನ ಹಾರಿಸಿದವರು ಅದನ್ನು ಮ್ಯಾಡ್ ಡಾಗ್ ಅಂತ ಪ್ರೀತಿಯಿಂದ ಕರೆಯುತ್ತಾರೆ. ಕೇಬಲ್‌ಗಳ ಮೂಲಕ ಓಡುವ ಅದರ ಕಂಟ್ರೋಲ್ ಕೈಗೆ ಭಾರ, ಆದರೆ ಗಾಳಿ ಏನು ಮಾಡುತ್ತಿದೆ ಅಂತ ಕೈಗೇ ಹೇಳುತ್ತಿತ್ತು. ಅಮೆರಿಕನ್ ಏರ್‌ಲೈನ್ಸ್ 2019ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಲ್ಲಿಸಿತು, ಡೆಲ್ಟಾ 2020ರ ಜೂನ್‌ನಲ್ಲಿ. ಬೋಯಿಂಗ್ 757ರವರ ಮಾತು ಕೇಳಬೇಕು. 2004ರಲ್ಲೇ ತಯಾರಿಕೆ ನಿಂತ ವಿಮಾನ ಅದು. ಚಿಕ್ಕ ರನ್‌ವೇಯಿಂದ, ತುಂಬಿದ ಹೊಟ್ಟೆಯಲ್ಲಿ, ಅದು ಏರುವ ರೀತಿಗೆ ಇವತ್ತಿಗೂ ಸಾಟಿ ಇಲ್ಲ ಅನ್ನುತ್ತಾರೆ. ಅದರ ಜಾಗಕ್ಕೆ ಬಂದಿರುವ ಏರ್‌ಬಸ್ ಎ321 ಎಕ್ಸ್‌ಎಲ್‌ಆರ್ 8,700 ಕಿಲೋಮೀಟರ್ ಹೋಗುತ್ತದೆ, ಬಹಳ ಕಮ್ಮಿ ಇಂಧನದಲ್ಲಿ. ದೂರ ಹೋಗುತ್ತೆ, ಆದರೆ ಹಾಗೆ ಏರಲ್ಲ ಅನ್ನುತ್ತಾರೆ. ಎರಡು ಮಾತೂ ನಿಜ.

ಈಗ ನನ್ನ ಪಕ್ಕ ಕೂರುವ ಕೆಲವು ಕೋ-ಪೈಲಟ್‌ಗಳು ನಿಯೋದಲ್ಲೇ ಶುರು ಮಾಡಿದವರು. ಅವರಿಗೆ ಇದೇ ಮೂಲ ವಿಮಾನ. ಮೊನ್ನೆ ಒಬ್ಬರು ಸ್ಟಾರ್ಟ್ ಮಾಡುವಾಗ ಕೇಳಿದರು, “ಕ್ಯಾಪ್ಟನ್, ಇದು ಯಾಕೆ ಇಷ್ಟು ಹೊತ್ತು ಸುಮ್ನೆ ತಿರುಗುತ್ತೆ?” ಅವರಿಗೂ ಆ ಎರಡು ಸಾಲೇ ಸಿಕ್ಕಿತ್ತು. ಹಾರಾಟ ಮುಗಿದ ಮೇಲೆ ಒಂದು ಕಾಗದದ ಮೇಲೆ ರೋಟರ್ ಬರೆದು, ಬಾಗುವುದನ್ನು ತೋರಿಸಿದೆ. ಅವರು ಆ ಕಾಗದದ ಫೋಟೋ ತೆಗೆದುಕೊಂಡರು.

ಕೊನೆಗೂ ಹಳೆಯ ವಿಮಾನ ಹೋಗುವ ದಿನ ಬಂತು. ಒಣಹವೆಯ ದೇಶವೊಂದರಲ್ಲಿ ವಿಮಾನಗಳನ್ನು ನಿಲ್ಲಿಸುವ ಒಂದು ಬಯಲಿಗೆ ಅದನ್ನು ತಲುಪಿಸುವ ಕೆಲಸ ನನಗೇ ಸಿಕ್ಕಿತು. ಹಿಂದೆ ಒಬ್ಬ ಪ್ರಯಾಣಿಕರಿಲ್ಲ. ಖಾಲಿ ವಿಮಾನ ಹಕ್ಕಿಯ ಹಾಗೆ ಏರಿತು. ಇಳಿಯುವಾಗ ಆಟೋಪೈಲಟ್ ತೆಗೆದು ಕೈಯಲ್ಲೇ ಹಾರಿಸಿದೆ. ಮೂರರ ಲೆಕ್ಕ ಕರಾರುವಾಕ್ಕಾಗಿ ಕೂತಿತು.

ನಿಲ್ಲಿಸಿ, ಮೂರು ನಿಮಿಷ ಇಂಜಿನ್ ತಣ್ಣಗಾಗಲು ಬಿಟ್ಟು, ಎರಡನ್ನೂ ಆಫ್ ಮಾಡಿದೆ. ಕಾಗದಗಳಿಗೆ ಸಹಿ ಹಾಕಿ ಕೆಳಗಿಳಿದೆ. ಬಿಸಿಲು, ಬಯಲು ಗಾಳಿ. ಆ ಗಾಳಿಗೆ ಫ್ಯಾನ್ ನಿಧಾನವಾಗಿ ತಾನಾಗಿ ತಿರುಗುತ್ತಿತ್ತು. ಅದರ 36 ಬ್ಲೇಡುಗಳು ತಮ್ಮ ಗೂಡಿನಲ್ಲಿ ಸ್ವಲ್ಪ ಸಡಿಲವಾಗಿ ಕೂತಿರುತ್ತವೆ. ಜೋರಾಗಿ ತಿರುಗುವಾಗ ಬಿಗಿಯಾಗುತ್ತವೆ, ನಿಧಾನವಾದಾಗ ಒಂದೊಂದಾಗಿ ಮೇಲೆ ಬಂದು ಸಣ್ಣಗೆ ಹೊರಳಿ ಟಿಕ್ ಅನ್ನುತ್ತವೆ. ಟಿಕ್, ಟಿಕ್, ಟಿಕ್. ಕೆಲಸದವರೊಬ್ಬರು ಇಂಜಿನ್ ಬಾಯಿಗೆ ಹಾಕುವ ಕೆಂಪು ಹೊದಿಕೆ ಹಿಡಿದುಕೊಂಡು ಬಂದು, ನಾನು ನಿಂತಿದ್ದನ್ನು ನೋಡಿ, ಸ್ವಲ್ಪ ದೂರದಲ್ಲೇ ನಿಂತರು.